ಡೈರಿ ಸೆಕ್ರೆಟರಿಯ ಎಲೆಬುತ್ತಿ

ನಮ್ಮೂರ ಹಾಲಿನ ಡೈರಿಯ ಸೆಕ್ರೆಟರಿ ವೀರಭದ್ರಸ್ವಾಮಿಗೆ ಹಾಲಿನಲ್ಲಿ ಬೆರೆತ ಒಂದು ಚಮಚ ನೀರೂ ಗೊತ್ತಾಗುತ್ತಿತ್ತು. ಡಿಗ್ರಿ ನೋಡುವ ಗಾಜಿನ ಕಡ್ಡಿಯನ್ನು ಹಾಲಿಗೆ ಬಿಟ್ಟು, ಒಂದು ಕಣ್ಣು ಮುಚ್ಚಿ, "ಅಕ್ಕಾ, ಬರ್ತಾ ದಾರೀಲಿ ಬಾವಿ ಹತ್ರ ಏನಾದ್ರೂ ನಿಂತಿದ್ರಾ?" ಎಂದು ಕೇಳಿದನೆಂದರೆ ಎಂಥ ಗಟ್ಟಿಗಿತ್ತಿಯೂ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದಳು. ಇಂಥ ಮನುಷ್ಯ ತನ್ನ ಮನೆಯ ಅಡುಗೆಕೋಣೆಗೆ ಹೋದರೆ ಉಪ್ಪು ಯಾವುದು, ಸಕ್ಕರೆ ಯಾವುದು ಎಂದು ನೆಕ್ಕಿ ನೋಡಬೇಕಾಗಿತ್ತು. ನೆಕ್ಕಿ ನೋಡಿದ ಮೇಲೂ ಅವನ ಉಪ್ಪಿಟ್ಟು ಸಿಹಿಯಾಗಿಯೇ ಇರುತ್ತಿತ್ತು.

ಅಡುಗೆಕೋಣೆ ಅವನ ಪಾಲಿಗೆ ಬಂದದ್ದು ಹೆಂಡತಿ ಪ್ರಮೀಳಾ ತೀರಿಕೊಂಡ ಮೇಲೆ. ಹೊಗೆಸೊಪ್ಪು ಬೇಯಿಸುವ ಕಾಲ. ಊರೆಲ್ಲ ಸೊಪ್ಪು ಒಣಗಿಸುವ ಬ್ಯಾರನ್ ಮನೆಗಳ ಬೆಂಕಿಯ ಮುಂದೆ ಕೂತಿದ್ದಾಗ ಆಕೆ ಜ್ವರದಲ್ಲಿ ಹೋಗಿಬಿಟ್ಟಳು. ಉಳಿದವರು ಇವನು, ಮೂರನೇ ಕ್ಲಾಸಿನ ಮಗಳು ಸುಕನ್ಯ. ಕಾರ್ಯವೆಲ್ಲ ಮುಗಿದ ದಿನ ಪ್ರಮೀಳಾಳ ಅಕ್ಕ ಮಂಗಳಗೌರಿ ತಮ್ಮೂರು ಮಿರ್ಲೆಯ ಬಸ್ಸು ಹತ್ತುವ ಮೊದಲು ಒಂದು ಮಾತು ಹೇಳಿ ಹೋದರು.

"ವೀರಭದ್ರಸ್ವಾಮಿ, ನೀವು ಗಂಡಸ್ರು. ಹಾಲು ಅಳೀಬೋದು. ಹೆಣ್ಮಗು ಸಾಕೋದು ಡೈರಿ ನಡ್ಸಿದಂಗಲ್ಲ. ಯುಗಾದಿಗಂಟ ನೋಡ್ತೀನಿ. ಮಗು ಬಡವಾಗವ್ಳೆ ಅಂತ ಒಂದು ಮಾತು ಕಿವಿಗೆ ಬಿದ್ರೆ ಸಾಕು, ಬಂದು ಮಿರ್ಲೆಗೆ ಕರ್ಕಂಡೋಯ್ತೀನಿ."

ಕೆಟ್ಟ ಮನಸ್ಸಿನ ಮಾತಲ್ಲ. ಆಯಮ್ಮನಿಗೆ ಹೆಣ್ಣುಮಕ್ಕಳಿಲ್ಲ, ತಂಗಿಯೂ ಇಲ್ಲವಾದಳು. ಆದರೆ ಅಂದಿನಿಂದ ವೀರಭದ್ರಸ್ವಾಮಿ ಮಗಳ ಕೆನ್ನೆಯನ್ನು ಹಾಲಿನ ಹಾಗೆ ಪರೀಕ್ಷೆ ಮಾಡತೊಡಗಿದ. ದಿನಾ ಬೆಳಿಗ್ಗೆ ಒಂದು ಕಣ್ಣು ಮುಚ್ಚಿ ನೋಡುವುದು, ನಿಟ್ಟುಸಿರು ಬಿಡುವುದು, ಬುತ್ತಿಗೆ ಇನ್ನೊಂದು ರೊಟ್ಟಿ ಸೇರಿಸುವುದು.

ನನ್ನ ಹಿಟ್ಟಿನ ಮಿಲ್ಲು ಇರುವುದು ಡೈರಿಯ ಎದುರಿಗೆ. ಅವನ ಸಂಸಾರದ ಸುದ್ದಿ ನನಗೆ ರಾಗಿಯ ಜೊತೆಗೆ ಬರುತ್ತಿತ್ತು.

ಒಂದು ದಿನ ಬಂದವನು ರಾಗಿ ಸುರಿಯುವುದನ್ನೂ ಮರೆತು ನಿಂತ. "ಅಣ್ಣಾ, ಮಗಳು ಹಾಲು ಬಿಟ್ಟವಳೆ."

"ಎಲ್ಲಿ ಬಿಟ್ಟವಳೆ?"

"ಎಲ್ಲೂ ಇಲ್ಲ. ಕುಡಿಯೋದು ಬಿಟ್ಟವಳೆ. ಮೊಸರು, ಮಜ್ಜಿಗೆ, ತುಪ್ಪ ಎಲ್ಲ."

ವಿಷಯ ಇಷ್ಟು. ಡೈರಿಗೆ ಎಲ್ಲರಿಗಿಂತ ಮೊದಲು ಹಾಲು ತರುವ ಮುದುಕಿ ಕುಳ್ಳಮ್ಮನ ಹಸು ಈದು ವಾರಕ್ಕೆ ಕರು ಸತ್ತಿತ್ತು. ಕರು ಇಲ್ಲದಿದ್ದರೆ ಹಸು ಸೊರೆ ಬಿಡುವುದಿಲ್ಲ. ಹಾಗಾಗಿ ಹಿಂದಿನಿಂದ ಮಾಡಿಕೊಂಡು ಬಂದಂತೆ ಕುಳ್ಳಮ್ಮ ಆ ಕರುವಿನ ಚರ್ಮಕ್ಕೆ ಹುಲ್ಲು ತುಂಬಿಸಿ, ನಾಲ್ಕು ಕೋಲಿನ ಕಾಲು ಕೊಟ್ಟು, ಕರೆಯುವ ಹೊತ್ತಿಗೆ ಹಸುವಿನ ಮುಂದೆ ತಂದು ನಿಲ್ಲಿಸುತ್ತಿದ್ದಳು. ಹಸು ಅದನ್ನು ನೆಕ್ಕುತ್ತಿತ್ತು, ಹಾಲು ಇಳಿಸುತ್ತಿತ್ತು. ಸುಕನ್ಯ ಒಂದು ಸಂಜೆ ಅಲ್ಲಿಗೆ ಆಡಲು ಹೋದವಳು ಇದನ್ನು ನೋಡಿಕೊಂಡು ಬಂದಿದ್ದಾಳೆ.

"ಅಪ್ಪಾ, ಅದು ಹುಲ್ಲಿನ ಕರು ಅಂತ ಹಸೂಗೆ ಗೊತ್ತಿಲ್ವಾ?"

"ಇಲ್ಲ ಮಗಾ."

"ಯಾರೂ ಹೇಳ್ಲಿಲ್ವಾ ಅದಕ್ಕೆ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ವೀರಭದ್ರಸ್ವಾಮಿ ಮೊಸರನ್ನ ಕಲೆಸಿದ. ಮಗಳು ತಟ್ಟೆ ಪಕ್ಕಕ್ಕೆ ಸರಿಸಿದಳು. ಅಷ್ಟೇ. ಅತ್ತು ರಂಪ ಮಾಡಲಿಲ್ಲ, ಭಾಷಣ ಮಾಡಲಿಲ್ಲ.

"ಯಾರಿಗೂ ಹೇಳ್ಬೇಡ ಅಣ್ಣಾ," ಎಂದ ನನಗೆ. "ಡೈರಿ ಸೆಕ್ರೆಟ್ರಿ ಮಗಳು ಹಾಲು ಕುಡಿಯಲ್ಲ ಅಂದ್ರೆ ಜನ ನಗ್ತಾರೆ. ಕುಳ್ಳಮ್ಮಂಗೂ ಬೇಜಾರು."

ನಾನು ಹೇಳಲಿಲ್ಲ. ಆ ಕೆಲಸವನ್ನು ಅವನೇ ಮಾಡಿದ, ಅದೂ ಮೈಕಿನಲ್ಲಿ.

ಮೊದಲು ಸ್ಟೀಲ್ ಡಬ್ಬಿಯ ಕಥೆ ಹೇಳಬೇಕು. ಮಗಳು ಡಬ್ಬಿ ಮೂಸಿ "ಮೊಸರು ವಾಸ್ನೆ" ಎಂದಳು. ಅವನು ಬೂದಿ ಹಾಕಿ ಉಜ್ಜಿದ, ಹುಣಿಸೆಹಣ್ಣು ಹಾಕಿ ಉಜ್ಜಿದ. ವಾಸನೆ ಹೋಗಲಿಲ್ಲವೆಂದು ಬರೀ ಡಬ್ಬಿಯನ್ನು ಒಲೆಯ ಮೇಲಿಟ್ಟು ಕಾಯಿಸಿದ. ಅಷ್ಟರಲ್ಲಿ ಹಾಲಿನ ಲಾರಿ ಬಂತು. ಲಾರಿ ಕಳಿಸಿ ಬರುವ ಹೊತ್ತಿಗೆ ವಾಸನೆ ಹೋಗಿತ್ತು, ಡಬ್ಬಿಯ ಆಕಾರವೂ ಹೋಗಿತ್ತು. ಮುಚ್ಚಳ ಆಮೇಲೆ ಯಾವ ಕಡೆಯಿಂದಲೂ ಕೂರಲಿಲ್ಲ.

ಹಾಗಾಗಿ ಹಿತ್ತಲಿನ ಬಾಳೆ ಎಲೆ ಬಂತು. ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಂದಿಷ್ಟು ಹುರಿದ ಕಡಲೆಕಾಯಿ, ಬೆಲ್ಲದ ಚೂರು ಇಟ್ಟು ಮಡಿಸಿ, ಬಾಳೆ ನಾರಿನಿಂದ ಕಟ್ಟುವುದು. ಮೊದಲ ವಾರದ ರೊಟ್ಟಿಗಳನ್ನು ನಾನು ನೋಡಿದ್ದೇನೆ. ಚಪ್ಪಲಿ ಅಂಗಡಿಯಲ್ಲಿಟ್ಟಿದ್ದರೆ ಯಾರಾದರೂ ಅಳತೆ ನೋಡುತ್ತಿದ್ದರು. ಆಮೇಲಾಮೇಲೆ ಹದ ಬಂತು. ತೊಳೆಯುವ ಕೆಲಸವೂ ಇಲ್ಲ. ಎಲೆ ಶಾಲೆಯ ಹಿಂದಿನ ಮೇಕೆಗೆ, ನಾರು ಸುಕನ್ಯಳ ಜಡೆಗೆ.

ಹದ ಬಂದರೂ ಅಳತೆ ಮಾತ್ರ ಬರಲಿಲ್ಲ. ಯಾವಾಗ ಕಲೆಸಿದರೂ ಹಿಟ್ಟು ಮೂರು ಜನಕ್ಕಾಗುತ್ತಿತ್ತು. ಒಂದು ಗಂಟು ಮಗಳಿಗೆ, ಒಂದು ತನಗೆ. ಮೂರನೆಯದು ಡೈರಿಯ ಕಿಟಕಿಯಲ್ಲಿ ಸಂಜೆಯವರೆಗೆ ಕೂತಿದ್ದು ಕುಳ್ಳಮ್ಮನ ಹಸುವಿಗೆ ಹೋಗುತ್ತಿತ್ತು. ಮಧ್ಯಾಹ್ನ, ಮಗಳು ವ್ಯಾನಿನಲ್ಲಿ ಹೋಗುವ ಹುಣಸೂರಿನ ಶಾಲೆಯಲ್ಲಿ ಊಟದ ಬೆಲ್ಲು ಹೊಡೆಯುವ ಹೊತ್ತಿಗೆ ಇವನು ಇಲ್ಲಿ ಖಾಲಿ ಕ್ಯಾನುಗಳ ಮಧ್ಯೆ ತನ್ನ ಗಂಟು ಬಿಚ್ಚುತ್ತಿದ್ದ. ಒಮ್ಮೆ ನಾನು ಹನ್ನೆರಡಕ್ಕೇ ಕರೆದೆ. "ಇರಣ್ಣ, ಅವಳಿಗಿನ್ನೂ ಬೆಲ್ಲು ಹೊಡ್ದಿಲ್ಲ," ಎಂದ.

ಇಸವಿ ಎರಡು ಸಾವಿರ ದಾಟಿತ್ತು. ಆ ಶಾಲೆಗೆ ಮೈಸೂರಿನಿಂದ ಮೀನಾ ಎಂಬ ಹೊಸ ಮಿಸ್ ಬಂದಿದ್ದರು. ಅವರಿಗೆ ಪ್ಲಾಸ್ಟಿಕ್ ಕಂಡರೆ ಹಾವು ಕಂಡ ಹಾಗೆ. ಪೋಷಕರ ಸಭೆಯ ದಿನ ವೇದಿಕೆಯ ಮೇಲೆ ಎಲೆಗಂಟನ್ನು ಎತ್ತಿ ಹಿಡಿದರು.

"ನೋಡಿ ಪೇರೆಂಟ್ಸ್, ನಮ್ಮ ಸುಕನ್ಯಳ ಲಂಚ್! ಕವರ್ ಇಲ್ಲ, ಕಸ ಇಲ್ಲ. ಅವರ ತಂದೆಯವರು ಬಂದು ನಾಲ್ಕು ಮಾತಾಡಬೇಕು."

ವೀರಭದ್ರಸ್ವಾಮಿ ಮದುವೆಯ ಷರ್ಟಿನಲ್ಲಿದ್ದ. 'ಡಬ್ಬಿ ಸುಟ್ಟೋಯ್ತು ಮೇಡಂ' ಎನ್ನಬೇಕೆಂದೇ ಎದ್ದನಂತೆ. ಆದರೆ ಮೈಕು ಕೈಗೆ ಬಂದಾಗ ಮನುಷ್ಯನಿಗೆ ಏನೋ ಆಗುತ್ತದೆ. ಕಾರಿನಲ್ಲಿ ಬಂದವರೆಲ್ಲ ತಿರುಗಿ ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ಮಗಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಅವನು ಗಂಟಲು ಸರಿಮಾಡಿಕೊಂಡ.

"ಇದು ನಮ್ಮನೆ ಪದ್ಧತಿ. ಪ್ಲಾಸ್ಟಿಕ್ ಒಳಗೆ ಬಿಡಲ್ಲ. ಹಾಲು, ಮೊಸರು, ತುಪ್ಪಾನೂ ಮುಟ್ಟಲ್ಲ. ನನ್ನ ಮಗಳ ಊಟದಲ್ಲಿ ಒಂದು ತೊಟ್ಟು ಹಾಲು ತೋರ್ಸಿ ನೋಡೋಣ!"

ಚಪ್ಪಾಳೆ. ಮೀನಾ ಮಿಸ್ ಬೆರಗಾಗಿ, "ಹಾಲೂ ಇಲ್ವಾ? ಯಾಕೆ ಸರ್?" ಎಂದರು.

ಅವನನ್ನು ಅದುವರೆಗೆ ಯಾರೂ ಸರ್ ಎಂದಿರಲಿಲ್ಲ. ಕರುವಿನ ವಿಷಯ ಹೇಳಲು ನಾಚಿಕೆ. ಏನಾದರೂ ಹೇಳಲೇಬೇಕು. ಒಂದು ಗಂಭೀರ ನಗೆ ನಕ್ಕು ಹೇಳಿದ, "ನಾನು ಡೈರಿ ಸೆಕ್ರೆಟ್ರಿ ಮೇಡಂ. ಹಾಲಿನ ವಿಷಯ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಹಿಂದಿನ ಸಾಲಿನಲ್ಲಿ ನಮ್ಮ ಡೈರಿ ಅಧ್ಯಕ್ಷ ಚೆಲುವಯ್ಯನ ಸೊಸೆ ಕೂತಿದ್ದಳು. ಸಭೆ ಮುಗಿಯುವವರೆಗೆ ಅವಳು ಕಾಯಲಿಲ್ಲ. ವೀರಭದ್ರಸ್ವಾಮಿ ಸಂಜೆಯ ಬಸ್ಸಿನಲ್ಲಿ, ಮಿಸ್ಸು ಕೊಟ್ಟ ಬಟ್ಟೆಚೀಲವನ್ನು ಬಹುಮಾನವೆಂದು ಎದೆಗೊತ್ತಿಕೊಂಡು ಇಳಿಯುವ ಹೊತ್ತಿಗೆ ಅವನ ಮಾತು ಊರಿನ ಎಲ್ಲ ಜಗಲಿಗಳನ್ನೂ ಹತ್ತಿ ಇಳಿದಿತ್ತು.

ಮರುದಿನ ಬೆಳಿಗ್ಗೆ ಡೈರಿಯಲ್ಲಿ ಸಾಲು ಇತ್ತು, ಮಾತು ಇರಲಿಲ್ಲ. ತಮ್ಮ ಹಾಲಿನ ಮೇಲೇ ದೂರು ಬಂದೀತೆಂದು ಯಾರೂ ಮುಂದಾಗಿ ಸುರಿಯದೆ, ಕ್ಯಾನಿನ ತುಂಬ ಬರಬೇಕಾದ ಹಾಲು ತಳದಲ್ಲೇ ಉಳಿಯಿತು. ಎದುರಿನ ಹೋಟೆಲಿನಲ್ಲಿ ಗಿರಾಕಿಗಳು ಹಾಲಿಲ್ಲದ ಟೀ ಕೇಳಿದರು. ಅಧ್ಯಕ್ಷ ಚೆಲುವಯ್ಯ ಟವೆಲ್ ಕೊಡವುತ್ತಾ ಬಂದ.

"ಏನ್ಲಾ ವೀರಭದ್ರ, ಏನ್ ಕಂಡೆ ನೀನು ಹಾಲ್ನಾಗೆ?"

"ಏನೂ ಇಲ್ಲ ಅಣ್ಣಾ."

"ಏನೂ ಇಲ್ದೆ ಯಾಕ್ಲಾ ಬುಟ್ಟೆ?"

"ಸುಮ್ನೆ ಬಿಟ್ಟೋ."

"ಸುಮ್ನೆ ಬೀಡಿ ಬುಡ್ತಾರೆ, ಜೂಜು ಬುಡ್ತಾರೆ. ಹಾಲ್ ಬುಡ್ತಾರೇನ್ಲಾ? ಅದೂ ದಿನಾ ಕ್ಯಾನ್ ಒಳಗೆ ಇಣುಕೋನು!"

"ಹಾಲು ಚೆನ್ನಾಗಿದೆ ಅಣ್ಣಾ, ನನ್ನಾಣೆ!"

"ನೋಡ್ರಪ್ಪಾ, ಆಣೆ ಇಡ್ತಾವ್ನೆ. ಅಂಗಾರೆ ಏನೋ ಅದೆ."

ಅದು ಸರಿಯೇ. ನಮ್ಮೂರಿನಲ್ಲಿ ನಿಜ ಹೇಳುವವನು ಆಣೆ ಇಡುವುದಿಲ್ಲ. ಮಧ್ಯಾಹ್ನದೊಳಗೆ ಜನರ ಬಾಯಲ್ಲಿ ಕ್ಯಾನಿಗೆ ಹಲ್ಲಿ ಬಿದ್ದಿತ್ತು. ಸಂಜೆಯ ಹೊತ್ತಿಗೆ ಹಲ್ಲಿ ಹೋಗಿ ಯೂರಿಯಾ ಬಂತು. ಹೆಂಗಸರು ಒಬ್ಬರ ಹಸುವನ್ನು ಇನ್ನೊಬ್ಬರು ಅನುಮಾನದಿಂದ ನೋಡತೊಡಗಿದರು. "ನಿನ್ನ ಹಸ ಕೆಮ್ತದಂತೆ!" "ನಿನ್ನ ಗಂಡ ಕೆಮ್ಮದು ಕೇಳ್ಸಿರಬೇಕು, ನಮ್ಮ ಹಸ ಯಾಕ್ ಕೆಮ್ಮಾದು!" ವೀರಭದ್ರಸ್ವಾಮಿ ಇಬ್ಬರ ನಡುವೆ ನಿಂತು "ಇಲ್ಲ, ಇಲ್ಲ" ಎಂದಷ್ಟೂ 'ಇದೆ, ಇದೆ' ಎಂದು ಕೇಳಿಸಿದಂತಾಗುತ್ತಿತ್ತು.

ಚೆಲುವಯ್ಯ ಹುಣಸೂರಿಗೆ ಫೋನ್ ಮಾಡಿಸಿ ಹಾಲು ಒಕ್ಕೂಟದ ಸೂಪರ್‌ವೈಸರನ್ನು ಕರೆಸಿದ. ಅವನು ಮೋಟರ್‌ಬೈಕಿನಲ್ಲಿ ಬಂದು, ಬಾಟಲಿಗಳಲ್ಲಿ ಹಾಲು ತುಂಬಿಕೊಂಡು ಹೋಗಿ, ಎರಡು ದಿನ ಬಿಟ್ಟು ಮತ್ತೆ ಬಂದು, ಹಾಲು ಚೊಕ್ಕವಾಗಿದೆ ಎಂದು ಎಲ್ಲರೆದುರು ಹೇಳಿದ. ವೀರಭದ್ರಸ್ವಾಮಿಗೆ ಜೀವ ಬಂತು. ಆದರೆ ಚೆಲುವಯ್ಯನ ಮುಖ ಇನ್ನೂ ಕಪ್ಪಿಟ್ಟಿತು.

"ಮಿಷನ್ಗೂ ಗೊತ್ತಾಗದಂತದ್ದು ಇದು," ಎಂದ. "ಇವ್ನಿಗೊಬ್ಬಂಗೇ ಗೊತ್ತು. ಬಾಯಿ ಬುಡ್ತಿಲ್ಲ."

ಇಷ್ಟರಲ್ಲಿ ಸುದ್ದಿ ಬಸ್ಸು ಹತ್ತಿ ಕೆ.ಆರ್. ನಗರದಲ್ಲಿ ಬಸ್ಸು ಬದಲಾಯಿಸಿ ಮಿರ್ಲೆ ಮುಟ್ಟಿತ್ತು. ಅಲ್ಲಿಗೆ ಹೋಗುವಷ್ಟರಲ್ಲಿ ಹಲ್ಲಿ, ಯೂರಿಯಾ ಎಲ್ಲ ದಾರಿಯಲ್ಲಿ ಇಳಿದುಕೊಂಡು ಒಂದೇ ಮಾತು ಉಳಿದಿತ್ತು: ಸೆಕ್ರೆಟರಿ ಮಗಳಿಗೆ ಹಾಲು ಕೊಡುವುದಿಲ್ಲ.

ಮಂಗಳಗೌರಿ ಒಂದು ಕೈಯಲ್ಲಿ ತುಪ್ಪದ ಡಬ್ಬಿ, ಇನ್ನೊಂದು ಕೈಯಲ್ಲಿ ಖಾಲಿ ಬ್ಯಾಗು ಹಿಡಿದು ಸಂಜೆಯ ಹಾಲಿನ ಹೊತ್ತಿಗೆ ಸರಿಯಾಗಿ ಡೈರಿಯ ಮುಂದೆ ಇಳಿದರು. ಖಾಲಿ ಬ್ಯಾಗು ಯಾತಕ್ಕೆ ಎಂದು ಯಾರೂ ಕೇಳಲಿಲ್ಲ. ವೀರಭದ್ರಸ್ವಾಮಿ ಅದನ್ನು ನೋಡಿದ. ಕೈಯಲ್ಲಿದ್ದ ಗಾಜಿನ ಕಡ್ಡಿ ಹಾಲಿನೊಳಗೆ ಪೂರಾ ಮುಳುಗಿಹೋಯಿತು.

"ಊರಿನ ಹಾಲೆಲ್ಲ ನಿಮ್ಮ ಕೈ ಮೇಲೆ ಹೋಗ್ತದೆ," ಎಂದರು ಮಂಗಳಗೌರಿ. "ನನ್ನ ತಂಗಿ ಮಗೂಗೆ ಒಂದು ಲೋಟ ಇಲ್ವಾ? ಅದ್ಯಾವ ಎಲೇಲಿ ಕಟ್ಕೊಡ್ತೀರಂತೆ ಒಣರೊಟ್ಟಿನ! ಹೊಲಕ್ಕೆ ಆಳು ಕಳಿಸ್ದಂಗೆ!"

"ಅತ್ತಿಗೆ, ಅದು ಹಂಗಲ್ಲ..."

"ಹೆಂಗೆ ಹೇಳಿ."

ಅವನು ಬಾಯಿ ತೆರೆದ. ಎದುರಿಗೆ ಸಾಲಿನ ಮೊದಲಲ್ಲಿ ಕುಳ್ಳಮ್ಮ ತಂಬಿಗೆ ಹಿಡಿದು ನಿಂತಿದ್ದಳು. ಬಾಯಿ ಮುಚ್ಚಿದ.

ಚೆಲುವಯ್ಯ ಪಂಚಾಯ್ತಿ ಮಾಡುವುದರಲ್ಲಿ ಪಳಗಿದವನು. ಎರಡು ಜಗಳಕ್ಕೂ ಒಂದೇ ಮದ್ದು ಹುಡುಕಿದ. "ನೋಡ್ರವ್ವಾ, ಮಗು ಇಲ್ಲೇ ಅವ್ಳೆ. ಎಲ್ಲಾರ ಮುಂದೆ ಒಂದು ಲೋಟ ಹಾಲು ಕುಡೀಲಿ. ಕುಡುದ್ಲಾ, ಹಾಲ್ನಾಗೆ ಏನೂ ಇಲ್ಲ ಅಂತ ಆಯ್ತು. ನೀವೂ ಬ್ಯಾಗ್ ಮಡುಚ್ಕಂಡು ಹೋಗಿ. ಕುಡೀನಿಲ್ವಾ, ಇವ್ನು ಸೆಕ್ರೆಟ್ರಿ ಕೆಲ್ಸ ಬುಡ್ಲಿ, ಮಗೀನ ನೀವು ಕರ್ಕಳಿ."

ಯಾರ ಹಾಲು ಎಂಬುದಕ್ಕೆ ಇನ್ನೊಂದು ಜಗಳವಾಯಿತು. "ನಮ್ಮದು ಕುಡೀಲಿ!" "ಯಾಕೆ, ನಮ್ಮದೇನು ಇಸವಾ?" ಕೊನೆಗೆ ವಯಸ್ಸಿನಲ್ಲಿ ದೊಡ್ಡವಳು, ಸಾಲಿನಲ್ಲಿ ಮೊದಲನೆಯವಳು ಎಂದು ಕುಳ್ಳಮ್ಮನ ತಂಬಿಗೆಯಿಂದಲೇ ಲೋಟ ತುಂಬಿತು. ಇದಕ್ಕಿಂತ ಬೇರೆ ಯಾವ ಹಾಲಾದರೂ ಆಗಬಹುದಿತ್ತು. ನಮ್ಮೂರಿನ ನ್ಯಾಯ ಯಾವಾಗಲೂ ಹೀಗೆ ಹುಡುಕಿಕೊಂಡು ಹೋಗಿ ತಪ್ಪು ಬಾಗಿಲನ್ನೇ ತಟ್ಟುತ್ತದೆ.

ಸುಕನ್ಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆಚ್ಚಗಿತ್ತೇನೋ, ಒಮ್ಮೆ ಕೈ ಬದಲಾಯಿಸಿದಳು.

"ಕುಡುದ್ರೆ ನಾನು ಇಲ್ಲೇ ಇರ್ಬೋದಾ ದೊಡ್ಡಮ್ಮಾ?"

ಸುಕನ್ಯ ಅಪ್ಪನನ್ನು ನೋಡಿ, ಕಣ್ಣು ಬಿಗಿಯಾಗಿ ಮುಚ್ಚಿ, ಲೋಟ ತುಟಿಗೆ ತಂದಳು.

ವೀರಭದ್ರಸ್ವಾಮಿ ಕಟ್ಟೆಯಿಂದ ಹಾರಿದ. ಹಾರಿದ ಎಂದು ಗೌರವಕ್ಕೆ ಹೇಳುತ್ತೇನೆ. ಕ್ಯಾನಿನ ಮುಚ್ಚಳ ಎಡವಿ, ಸೂಪರ್‌ವೈಸರು ಬಿಟ್ಟುಹೋದ ಬಾಟಲಿಗಳನ್ನು ಉರುಳಿಸಿ, ಹೆಂಗಸರ ಸಾಲನ್ನು ಎರಡು ಭಾಗ ಮಾಡಿ ಬಂದು ಲೋಟ ಕಿತ್ತುಕೊಂಡ. ಅರ್ಧ ಹಾಲು ಅವನ ಷರ್ಟಿನ ಮೇಲೆ ಹೋಯಿತು.

"ಬ್ಯಾಡ ಮಗಾ! ಕೆಲ್ಸ ಹೋದ್ರೆ ಹೋಗ್ಲಿ. ಮನಸಿಲ್ದೆ ಕುಡೀಬ್ಯಾಡ."

"ನೋಡುದ್ರಾ! ಮಗಳಿಗೆ ಬ್ಯಾಡ ಅಂತಾವ್ನೆ!" ಎಂದು ಯಾರೋ ಕೂಗಿದರು.

"ಹಾಲಲ್ಲಿ ಏನೂ ಇಲ್ರಪ್ಪಾ!" ವೀರಭದ್ರಸ್ವಾಮಿ ಅಳುತ್ತಿದ್ದನೋ ಬೈಯುತ್ತಿದ್ದನೋ ತಿಳಿಯುವಂತಿರಲಿಲ್ಲ. "ಹುಲ್ಲು! ಕರು! ಕುಳ್ಳಮ್ಮನ ಹಸ ನೆಕ್ತದಲ್ಲ, ಹುಲ್ಲು ತುಂಬಿದ ಕರು, ಅದನ್ನ ಮಗು ನೋಡ್ಬುಡ್ತು. ಹಸೂಗೆ ಮೋಸ ಮಾಡಿ ತಂದ ಹಾಲು ಅಂತ ಕುಡೀತಿಲ್ಲ. ಅವಳು ಕುಡೀತಿಲ್ಲ ಅಂತ ನಾನೂ ಕುಡೀತಿಲ್ಲ. ಒಬ್ಬನಿಗೆ ಯಾರು ಹೆಪ್ಪು ಹಾಕ್ತಾರೆ? ಎಲೆ ಯಾಕೆ ಅಂದ್ರೆ ಡಬ್ಬಿ ಸುಟ್ಟೋಯ್ತು. ಅಷ್ಟೇ ಕಣ್ರಪ್ಪಾ. ಪದ್ಧತಿನೂ ಇಲ್ಲ, ಏನೂ ಇಲ್ಲ. ಮೈಕ್ ಕೊಟ್ರು, ಮಾತಾಡ್ಬುಟ್ಟೆ."

ಆಮೇಲೆ ಊರಿಗೆ ಊರೇ ನಕ್ಕಿತು. ಚೆಲುವಯ್ಯ ಟವೆಲ್ಲಿನಿಂದ ಕಣ್ಣೊರೆಸಿಕೊಂಡು ನಕ್ಕ. ಹಲ್ಲಿಗೂ ಯೂರಿಯಾಕ್ಕೂ ಹೆದರಿದ್ದ ಜನ, ಒಂದು ಹುಲ್ಲಿನ ಕರುವಿಗಾಗಿ ಇಷ್ಟೆಲ್ಲ ಆಯಿತೆಂದು ತೊಡೆ ತಟ್ಟಿಕೊಂಡರು.

ಮೂರು ಜನ ನಗಲಿಲ್ಲ. ಒಬ್ಬನ ಷರ್ಟಿನಿಂದ ಹಾಲು ತೊಟ್ಟಿಕ್ಕುತ್ತಿತ್ತು. ಇನ್ನೊಬ್ಬಳು ನೇರವಾಗಿ ಕುಳ್ಳಮ್ಮನ ಹತ್ತಿರ ಹೋದಳು.

"ಅಜ್ಜೀ, ಹಸೂಗೆ ನೀವಾದ್ರೂ ಹೇಳ್ಬಾರ್ದಾ? ಅದು ಕರು ಅಲ್ಲ ಅಂತ?"

ಮೂರನೆಯವಳು ಕುಳ್ಳಮ್ಮ. ಅವಳು ತಂಬಿಗೆ ಕೆಳಗಿಟ್ಟು ಮಂಡಿ ಹಿಡಿದುಕೊಂಡು ಕೂತಳು, ಮಗುವಿನ ಎತ್ತರಕ್ಕೆ.

"ಅದುಕ್ಕೆ ಗೊತ್ತಿಲ್ಲ ಅಂದ್ಕಂಡ್ಯಾ ಕೂಸೇ? ಹೆತ್ತೋಳು ಕಣವ್ವ ಅದು. ಮೊದಲ್ನೇ ದಿನ ಮೂಸ್ದೇಟ್ಗೇ ಗೊತ್ತಾಗೋಯ್ತು. ಗೊತ್ತಿದ್ರೂ ನೆಕ್ತದೆ. ಇನ್ನೇನ್ ಮಾಡೀತು ಹೇಳು?"

ನಗು ಎಲ್ಲಿ ನಿಂತಿತೋ ತಿಳಿಯಲಿಲ್ಲ. ನಾನು ಮಿಲ್ಲಿನ ಬಾಗಿಲಲ್ಲಿದ್ದೆ. ಹಾಲಿನ ಸಾಲಿನಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ತಂಬಿಗೆಯೊಳಗೆ ನೋಡಿಕೊಳ್ಳುತ್ತಿದ್ದರು. ಮಂಗಳಗೌರಿ ತುಪ್ಪದ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟರು. ಡೈರಿಯ ಕಿಟಕಿಯಲ್ಲಿ ಅವತ್ತಿನ ಮೂರನೆಯ ಗಂಟು ಇನ್ನೂ ಹಾಗೇ ಇತ್ತು.

ಚೆಲುವಯ್ಯ ಕೆಮ್ಮಿದ. ಅಧ್ಯಕ್ಷನಾದವನಿಗೆ ಮೌನ ಹೆಚ್ಚು ಹೊತ್ತು ತಡೆಯುವುದಿಲ್ಲ. "ಅದೆಲ್ಲ ಸರಿ ಕಣ್ಲಾ. ಮಗೀನ ಬುಡು. ಹಾಲು ಸಾಚಾ ಅಂತ ನೀನು ಕುಡುದು ತೋರ್ಸು. ಊರ್ಗೆ ನೀನೇ ತಾನೇ ಬೆಂಕಿ ಮಡಗ್ದೋನು!"

ವೀರಭದ್ರಸ್ವಾಮಿ ಮಗಳ ಮುಖ ನೋಡಿದ. ಅವಳು ತುಸು ಯೋಚಿಸಿ, ಆಗಲಿ ಎಂದು ತಲೆಯಾಡಿಸಿದಳು. ಲೋಟದಲ್ಲಿ ಉಳಿದಿದ್ದ ಅರ್ಧ ಕುಡಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕುಳ್ಳಮ್ಮನ ಹಾಲು ಕುಡಿದು ತಮ್ಮದು ಕುಡಿಯದಿದ್ದರೆ ತಮ್ಮದರಲ್ಲಿ ಏನೋ ಇದೆಯೆಂದು ತಾನೇ ಅರ್ಥ? ಹಿಂದಿನವಳು ಲೋಟ ನೀಡಿದಳು. ಅವಳ ಹಿಂದಿನವಳೂ ನೀಡಿದಳು. ತಿಂಗಳುಗಟ್ಟಲೆ ಹಾಲು ಕಾಣದ ಆ ಹೊಟ್ಟೆ ಅಂದು ಇಡೀ ಊರಿನ ಕೊಟ್ಟಿಗೆಗಳ ಮಾನ ಕಾಯಿತು. ಸಾಲು ಮುಗಿದಾಗ ಅವನನ್ನು ಇಬ್ಬರು ಹಿಡಿದು ಮನೆಗೆ ನಡೆಸಿಕೊಂಡು ಹೋದರು. ನಡೆದರೆ ಕ್ಯಾನಿನ ಹಾಗೆ ಸದ್ದಾಗುತ್ತಿತ್ತು. "ಡಿಗ್ರಿ ಎಷ್ಟ್ ಬಂತು ಸೆಕ್ರೆಟ್ರೀ?" ಎಂದು ಹೆಂಗಸರು ಕೂಗಿದರು.

ಮಂಗಳಗೌರಿ ಅವತ್ತು ಉಳಿದರು. ಬೆಳಿಗ್ಗೆ ಅವರು ಏಳುವಷ್ಟರಲ್ಲಿ ವೀರಭದ್ರಸ್ವಾಮಿ, ಹೊಟ್ಟೆ ಇನ್ನೂ ಗುಡುಗುಡು ಎನ್ನುತ್ತಿದ್ದರೂ, ಒಲೆಯ ಮುಂದೆ ಕೂತು ಎಲೆ ಬಾಡಿಸುತ್ತಿದ್ದ. ಇದನ್ನೆಲ್ಲ ಆಮೇಲೆ ಬಸ್ಸಿಗೆ ಕಾಯುತ್ತಾ ನನ್ನ ಮಿಲ್ಲಿನ ನೆರಳಿನಲ್ಲಿ ಕೂತು ಅವರೇ ಹೇಳಿದರು. ಗಂಡಸಿನ ಕೈಯಾದರೂ ರೊಟ್ಟಿ ತಿರುವುವುದನ್ನು ಕಲಿತಿದ್ದಾನೆ. ಚಟ್ನಿಗೆ ಉಪ್ಪು ಜಾಸ್ತಿ. ಮಗುವಿನ ಕೆನ್ನೆಯನ್ನು ತಾವೇ ಹಿಂಡಿ ನೋಡಿದರಂತೆ; ಬಡವಾಗಿಲ್ಲ.

ಮಗು ಒಂದು ಗಂಟು ಎತ್ತಿಕೊಂಡು ಶಾಲೆಯ ವ್ಯಾನು ಹತ್ತಿತು. ಒಂದು ಗಂಟು ಅವನು ಕಂಕುಳಿಗೆ ಸೇರಿಸಿದ. ಒಲೆಯ ಪಕ್ಕ ಇನ್ನೊಂದು ಉಳಿದಿತ್ತು.

"ಇದು ಯಾರಿಗೆ?" ಎಂದು ಮಂಗಳಗೌರಿ ಕೇಳಿದರು.

ವೀರಭದ್ರಸ್ವಾಮಿ ನೆಲ ನೋಡಿದ. "ಅಳತೆ ತಪ್ಪುತ್ತೆ ಅತ್ತಿಗೆ."

ಆಯಮ್ಮ ಸುಕನ್ಯಳ ಬಟ್ಟೆ ತುಂಬಿಕೊಂಡು ಹೋಗಲೆಂದು ತಂದಿದ್ದ ಬ್ಯಾಗನ್ನು ತೆಗೆದು, ಅದರ ತಳದಲ್ಲಿ ಆ ಗಂಟನ್ನು ಇಟ್ಟು, ಜಿಪ್ಪು ಎಳೆದರು. ನನ್ನ ಮುಂದೆ ಬಸ್ಸು ಹತ್ತಿದಾಗ ಬ್ಯಾಗನ್ನು ಸೀಟಿನ ಕೆಳಗೆ ಇಡಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡರು.

ಸುಕನ್ಯ ಆಮೇಲೂ ಹಾಲು ಮುಟ್ಟಲಿಲ್ಲ, ಯಾರೂ ಕೇಳಲೂ ಇಲ್ಲ. ಶಾಲೆಯ ಮೇಕೆಗೆ ಹೋಗುತ್ತಿದ್ದ ಎಲೆ ಈಗ ವ್ಯಾನಿನಲ್ಲಿ ವಾಪಸು ಬಂದು ಕುಳ್ಳಮ್ಮನ ಹಸುವಿನ ಪಾಲಾಗುತ್ತದೆ. ಹಸು ಅದನ್ನು ತಿನ್ನುವವರೆಗೆ ಅವಳು ಪಕ್ಕದಲ್ಲಿ ನಿಂತು ಅದರ ಕತ್ತಿನ ಕೆಳಗಿನ ಗಂಗೆದೊಗಲು ಸವರುತ್ತಾಳೆ.

ವೀರಭದ್ರಸ್ವಾಮಿಯೂ ಮೊದಲಿನಂತೆಯೇ ಒಂದು ಕಣ್ಣು ಮುಚ್ಚಿ ಊರಿನ ನೀರನ್ನೆಲ್ಲ ಪತ್ತೆ ಮಾಡುತ್ತಿದ್ದಾನೆ. ವಾರಕ್ಕೊಮ್ಮೆ ನನ್ನ ಮಿಲ್ಲಿಗೆ ರಾಗಿ ತರುತ್ತಾನೆ. ಇಬ್ಬರ ಮನೆಗೆ ಎಷ್ಟು ರಾಗಿ ಬೇಕೆಂದು ನನಗೆ ಗೊತ್ತು, ಇಷ್ಟು ವರ್ಷ ಬೀಸಿದ್ದೇನೆ. ಅವನು ಈಗಲೂ ತರುವುದು ಮೂವರಿಗಾಗುವಷ್ಟು. ನಾನು ಚೀಲ ಎತ್ತಿ ನೋಡುತ್ತೇನೆ, ಅವನು ನನ್ನ ಮುಖ ನೋಡುತ್ತಾನೆ.

ಬೀಸಿ ಕೊಡುತ್ತೇನೆ.